ಟವರಿನ ಬುಡದ ಚಪ್ಪಲಿ

ಹೋದ ತಿಂಗಳು ಮಿಜಾರಿನಲ್ಲಿ, ಟವರ್ ಹತ್ತುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ನಿವೃತ್ತನಾದ ಮೇಲೆ ನನ್ನನ್ನು ಮಾತಾಡಿ ಎಂದು ಕರೆದವರೇ ಇಲ್ಲ, ಮನೆಯಲ್ಲಂತೂ ಸುಮ್ಮನಿರಿ ಎನ್ನುವವರೇ ಹೆಚ್ಚು. ಹಾಗಾಗಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಖುಷಿಯಿಂದ ಹೋದೆ. ನನ್ನ ಹಳೆಯ ಜೊತೆಗಾರ ಸದಾನಂದಣ್ಣನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಹಿಂದಿನ ಸಾಲಿನಲ್ಲಿ ಕೂತರು, ನಾನು ಗಂಟಲು ಒಣಗುವವರೆಗೆ ಮಾತಾಡಿದೆ. ಕೊನೆಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ, ಎದ್ದು ನಿಂತವರೆಲ್ಲ ತಿರುಗಿಸಿ ಮುರುಗಿಸಿ ಕೇಳಿದ್ದು ಒಂದನ್ನೇ. “ಅಷ್ಟು ಮೇಲೆ ಹೋದಾಗ ಹೆದರಿಕೆ ಆಗುದಿಲ್ವಾ ಸರ್?”

ನನಗೆ ಸ್ವಲ್ಪ ಸಿಟ್ಟೇ ಬಂತು. ಹೆದರಿಕೆ ಆಗುತ್ತದೆ, ಆಗಬೇಕು, ಅದರಲ್ಲಿ ಕೇಳುವಂಥದ್ದೇನಿದೆ? ಎತ್ತರ ಯಾರಿಗೂ ಮೋಸ ಮಾಡುವುದಿಲ್ಲ, ಅದು ಕಣ್ಣೆದುರೇ ಇರುತ್ತದೆ. ಅವರು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ನಾನು ಮೇಲಿದ್ದೇನೆ ಎಂಬುದು ಕೆಳಗಿನವನಿಗೆ ಹೇಗೆ ಗೊತ್ತಾಗುತ್ತದೆ? ಹಿಂದಿನ ಸಾಲಿನಲ್ಲಿ ಬಲಗೈಯನ್ನು ಕಿಸೆಯೊಳಗೆ ಹಾಕಿಕೊಂಡು ಕೂತಿದ್ದ ಸದಾನಂದಣ್ಣನ ಬೆರಳುಗಳನ್ನು ತಿಂದದ್ದು ಎತ್ತರವಲ್ಲ. ಆ ಒಂದು ಪ್ರಶ್ನೆಗೆ ಒಂದು ದಿನ ನಮ್ಮಲ್ಲಿ ಉತ್ತರ ಇರಲಿಲ್ಲ, ಅಷ್ಟೆ. ಅವತ್ತು ಮಿಜಾರಿನಲ್ಲಿ ಇದನ್ನು ಪೂರ್ತಿ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ನಮ್ಮದು ಮೂರ್ತೆಯ ಮನೆ. ಅಪ್ಪ ಬೆಳಿಗ್ಗೆ ಸಂಜೆ ತಾಳೆ ಮರ ಹತ್ತಿ ಶೇಂದಿ ಇಳಿಸುತ್ತಿದ್ದರು. ನಾವು ಅಣ್ಣತಮ್ಮಂದಿರು ತೆಂಗು, ಅಡಿಕೆ ಎನ್ನದೆ ಸಿಕ್ಕಿದ ಮರ ಹತ್ತಿಯೇ ಬೆಳೆದವರು. ಪುಂಜಾಲಕಟ್ಟೆಯ ಹತ್ತಿರದ ಗುಡ್ಡದ ಮೇಲೆ ಟಿವಿ, ರೇಡಿಯೋ ಮರುಪ್ರಸಾರದ ಕೇಂದ್ರ ಶುರುವಾದಾಗ, ಟವರಿಗೆ ಬಣ್ಣ ಬಳಿಯಲು, ತುದಿಯ ಕೆಂಪು ದೀಪ ಬದಲಿಸಲು, ನಟ್ಟು ಬೋಲ್ಟು ಬಿಗಿಯಲು ಜನ ಬೇಕಾಗಿತ್ತು. ಐಟಿಐ ಮುಗಿಸಿದ ನಾನು ಅರ್ಜಿ ಹಾಕಿದೆ. ಸಂದರ್ಶನ ಮಾಡಿದ ಅಧಿಕಾರಿ ಸರ್ಟಿಫಿಕೇಟನ್ನು ಬದಿಗಿಟ್ಟು ಅಂಗೈ ತೋರಿಸು ಎಂದರು. ನೋಡಿ, “ಇದು ಮರ ಹತ್ತಿದ ಕೈ, ಸಾಕು” ಎಂದರು. ಮರ ಹತ್ತಿದವನು ಟವರನ್ನೂ ಹತ್ತುತ್ತಾನೆ ಎಂಬ ಅವರ ಲೆಕ್ಕ ಅರ್ಧ ಮಾತ್ರ ಸರಿ.

ಉಳಿದ ಅರ್ಧವನ್ನು ಕಲಿಸಿದವರು ಸದಾನಂದಣ್ಣ. ಬೆಳ್ತಂಗಡಿ ಕಡೆಯವರು, ನನಗಿಂತ ಸ್ವಲ್ಪ ದೊಡ್ಡವರು, ನನಗಿಂತ ಮೊದಲು ಕೆಲಸಕ್ಕೆ ಸೇರಿದವರು. ಅವರದೂ ಮರ ಹತ್ತಿದ ಕೈಯೇ. ಮೊದಲ ದಿನ ಟವರಿನ ಬುಡದಲ್ಲಿ ನಿಂತು ಹೇಳಿದರು: “ದೇಜಪ್ಪಾ, ಮರ ಬಾಗ್ತದೆ. ಮುರಿಯುವ ಮೊದಲು ಒಂದು ಸದ್ದಾದ್ರೂ ಮಾಡ್ತದೆ. ಈ ಕಬ್ಬಿಣ ಎಂತದೂ ಹೇಳುದಿಲ್ಲ. ನಾವೇ ಕೇಳ್ತಾ ಹೋಗ್ಬೇಕು.” ಹತ್ತುವಾಗ ಅವರು ಪ್ರತಿ ಮೆಟ್ಟಿಲನ್ನೂ ಒಮ್ಮೆ ಕೈಯಿಂದ ತಟ್ಟುತ್ತಿದ್ದರು. ತುಕ್ಕು ತಿಂದ ಕಬ್ಬಿಣದ ಸದ್ದು ಬೇರೆ. ಎರಡು ಕೈ, ಎರಡು ಕಾಲಿನಲ್ಲಿ ಮೂರು ಯಾವಾಗಲೂ ಕಬ್ಬಿಣದ ಮೇಲಿರಬೇಕು, ಒಂದು ಮಾತ್ರ ಚಲಿಸಬೇಕು. ಈಗಿನವರಿಗೂ ಇದನ್ನೇ ಹೇಳಿಕೊಡುತ್ತಾರೆ, ಇಂಗ್ಲಿಷಿನಲ್ಲಿ.

ನಾನು ಮೊದಲ ವಾರದಲ್ಲೇ ನಗೆಪಾಟಲಾದೆ. ಮೇಲಿನ ಅಟ್ಟದಲ್ಲಿ, ಅಂದರೆ ನಿಂತು ಕೆಲಸ ಮಾಡುವ ಕಬ್ಬಿಣದ ಹಲಗೆಯ ಮೇಲೆ, ನಟ್ಟು ಬಿಗಿದು ಮುಗಿಸಿದ್ದೆ. ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಅದನ್ನು ಹೊತ್ತುಕೊಂಡು ಇಳಿಯುವುದೇಕೆ ಎಂದು, ಹುಟ್ಟಿದಂದಿನಿಂದ ಮಾಡಿದ್ದನ್ನೇ ಮಾಡಿದೆ. ಕೆಳಗೆ ನೋಡಿ, “ಬೀಳ್ತದೆ, ದೂರ ಹೋಗಿ” ಎಂದು ಕೂಗಿ ಸ್ಪ್ಯಾನರನ್ನು ಕೈಬಿಟ್ಟೆ. ಅದು ನೆಟ್ಟಗೆ ಬೀಳದೆ ಟವರಿನ ಅಡ್ಡಪಟ್ಟಿಗೆ ಬಡಿದು, ಹಾರಿ, ಜನರೇಟರ್ ಶೆಡ್ಡಿನ ಹೆಂಚು ಒಡೆದು ಒಳಗೆ ಬಿತ್ತು. ಒಳಗೆ ಯಾರೂ ಇರಲಿಲ್ಲ. ನಾನು ಇಳಿದು ಬಂದಾಗ ಸದಾನಂದಣ್ಣ ಆ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಕುಲುಕಿ ನೋಡುತ್ತಿದ್ದರು. “ನೀರು ಉಂಟಾ ಅಂತ ನೋಡಿದ್ದು. ಎಳನೀರಿಗೆ ಕೊಯ್ದದ್ದಾ, ಕಾಯಿಗಾ ಮಾರಾಯ?” ಎಂದರು. ಅವತ್ತಿನಿಂದ ನನ್ನ ಪ್ರತಿಯೊಂದು ಉಪಕರಣಕ್ಕೂ ಒಂದು ದಾರ, ದಾರದ ಇನ್ನೊಂದು ತುದಿ ಸೊಂಟಕ್ಕೆ. ನಿವೃತ್ತಿಯ ದಿನದವರೆಗೂ ಅದೇ ಪದ್ಧತಿ.

ಮರ ಹತ್ತುವವರಿಗೆ ಇನ್ನೊಂದು ರೋಗ ಇತ್ತು. ಬೆಲ್ಟು ಕಟ್ಟುವುದೆಂದರೆ ನಾಚಿಕೆ. ‘ತಾಳೆ ಮರ ಹತ್ತಿದವನಿಗೆ ಹಗ್ಗ ಯಾಕೆ’ ಎಂದು ನನ್ನ ಅಪ್ಪನೇ ನಕ್ಕಿದ್ದರು. ಆಗಿನ ಬೆಲ್ಟೂ ಅಷ್ಟಕ್ಕಷ್ಟೆ, ಸೊಂಟಕ್ಕೊಂದು ಪಟ್ಟಿ, ಅದಕ್ಕೊಂದು ಹಗ್ಗ, ಒಂದು ಹುಕ್ಕು. ನಾವು ಅದನ್ನು ಅಧಿಕಾರಿ ಬಂದ ದಿನ ಮಾತ್ರ ಕಟ್ಟುತ್ತಿದ್ದೆವು. ಆ ನಾಚಿಕೆ ಬಿಡಿಸಿದ್ದು ಕೊಕ್ಕಡದ ಹೆಜ್ಜೇನು. ಅಲ್ಲಿನ ಚಿಕ್ಕ ಟವರಿನಲ್ಲಿ ಕೆಲಸಕ್ಕೆ ಹೋದಾಗ ಅಟ್ಟದ ಅಡಿಯಲ್ಲಿ ಗೂಡು ಕಟ್ಟಿದ್ದು ನಮಗೆ ಕಾಣಲಿಲ್ಲ. ಒಮ್ಮೆಲೇ ಎದ್ದವು. ನೆಲದಲ್ಲಾದರೆ ಓಡಬಹುದು, ತೋಡಿಗೆ ಹಾರಬಹುದು. ನಾನು ಗಡಿಬಿಡಿಯಿಂದ ಇಳಿಯಲು ಹೊರಟಾಗ ಸದಾನಂದಣ್ಣ ನನ್ನ ಹೆಗಲು ಅದುಮಿ ಹಿಡಿದು, “ಓಡ್ಲಿಕ್ಕೆ ಎಲ್ಲಿಗೆ? ಹುಕ್ಕು ಹಾಕು, ಕಣ್ಣು ಮುಚ್ಚು, ಕೂತ್ಕೋ” ಎಂದರು. ಅವತ್ತು ಅದೃಷ್ಟಕ್ಕೆ ಬೆಲ್ಟು ಇತ್ತು, ಅಧಿಕಾರಿ ಬರುವ ದಿನ. ಕಂಬಳಿಯಂತೆ ಮುತ್ತಿದವು. ಕೈ ಬಿಟ್ಟುಹೋಗಿತ್ತು, ಹುಕ್ಕು ಬಿಡಲಿಲ್ಲ. ಸಂಜೆ ಮನೆಗೆ ಹೋದಾಗ ನನ್ನ ಊದಿದ ಮುಖ ನೋಡಿ ಹೆಂಡತಿ, “ಅವರು ಇನ್ನೂ ಕೆಲಸದಿಂದ ಬಂದಿಲ್ಲ, ಕೂತ್ಕೊಳ್ಳಿ” ಎಂದಳು. ಇದು ಸುಳ್ಳಲ್ಲ. ಮಾರನೆಯ ದಿನದಿಂದ ನಾನು ಬೆಲ್ಟಿಲ್ಲದೆ ಹತ್ತಲಿಲ್ಲ, ನಗುವವರು ನಗಲಿ.

ಮೂಡಬಿದಿರೆ ಕಡೆಯ ಬಂಡೆಯ ಮೇಲಿನ ಟವರಿನಲ್ಲಿ ಕಲಿತದ್ದು ಸಿಡಿಲಿನ ಪಾಠ. ಬೇಸಿಗೆಯ ಕೊನೆಗೆ ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಪ್ಪಾಗುತ್ತದೆ. ಮಳೆ ಇನ್ನೂ ದೂರ ಇದೆ, ಒಂದು ಬೋಲ್ಟು ಮುಗಿಸಿ ಇಳಿಯೋಣ ಎನಿಸುತ್ತದೆ. ಆ ಒಂದು ಬೋಲ್ಟಿನ ಆಸೆ ಬಿಡಬೇಕು. ಗುಡುಗು ಕಿವಿಗೆ ಬಿದ್ದರೆ ನೀವು ಆಗಲೇ ತಡ ಮಾಡಿದ್ದೀರಿ ಎಂದು ಅರ್ಥ. ಒಮ್ಮೆ ನಾವು ಇಳಿದು, ಕೋಣೆಗೆ ಬಂದು, ಚಹಾದ ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಟವರಿಗೆ ಬಡಿಯಿತು. ಚಹಾ ನೆಲಕ್ಕೆ ಚೆಲ್ಲಿತು, ನಮ್ಮ ಇಬ್ಬರದೂ.

ಈಗ ಚಪ್ಪಲಿಯ ವಿಷಯಕ್ಕೆ ಬರುತ್ತೇನೆ. ಪ್ರಸಾರದ ಟವರಿನಲ್ಲಿ ಬೀಳುವ ಅಪಾಯದಷ್ಟೇ ದೊಡ್ಡದು ಕಾಣದ ಅಪಾಯ. ಕೆಳಗಿನ ಕೋಣೆಯಲ್ಲಿ ಟ್ರಾನ್ಸ್‌ಮಿಟರ್ ಚಾಲೂ ಇದ್ದರೆ ತುದಿಯ ಆಂಟೆನಾದಲ್ಲಿ ಶಕ್ತಿ ಹರಿಯುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಕೈ ತಾಗಿದರೆ ಚರ್ಮಕ್ಕಿಂತ ಮೊದಲು ಒಳಗಿನ ಮಾಂಸ ಬೇಯುತ್ತದೆ. ಆದ್ದರಿಂದ ತುದಿಗೆ ಹೋಗುವಾಗ ಪ್ರಸಾರ ನಿಲ್ಲಿಸಬೇಕು, ಹತ್ತಿದವನು ಇಳಿಯುವವರೆಗೆ ಶುರು ಮಾಡಬಾರದು. ಆ ಸ್ವಿಚ್ಚು ಡ್ಯೂಟಿಯಲ್ಲಿರುವವರ ಕೈಯಲ್ಲಿ. ನಮ್ಮಲ್ಲಿ ಆ ಡ್ಯೂಟಿಯಲ್ಲಿದ್ದವರು ಭಟ್ಟರು. ಎಲೆಅಡಿಕೆ ಜಗಿಯುತ್ತ ಮೀಟರು ನೋಡುವ, ಬಹಳ ಜಾಗ್ರತೆಯ ಮನುಷ್ಯ. ಮನೆಯಿಂದ ಹೊರಡುವಾಗ ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಹೋಗಿ, ಪುನಃ ಬಂದು ಎಳೆದು ನೋಡುವ ಜಾತಿ.

ನಾವು ಬರಿಗಾಲಲ್ಲಿ ಹತ್ತುವವರು. ಮರಕ್ಕೆ ಯಾರೂ ಚಪ್ಪಲಿ ಹಾಕಿ ಹತ್ತುವುದಿಲ್ಲ, ಟವರಿಗೂ ಅದೇ ಅಭ್ಯಾಸ. ಚಪ್ಪಲಿ ಟವರಿನ ಬುಡದಲ್ಲಿ ಬಿಟ್ಟು ಹೋಗುತ್ತಿದ್ದೆವು. ಭಟ್ಟರ ಕಿಟಕಿಯಿಂದ ಆ ಬುಡ ಸರಿಯಾಗಿ ಕಾಣುತ್ತಿತ್ತು. ಸ್ವಿಚ್ಚಿಗೆ ಕೈ ಹಾಕುವ ಮೊದಲು ಅವರು ಎದ್ದು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. “ಚಪ್ಪಲಿ ಉಂಟು, ಜನ ಉಂಟು” ಎಂದು ತಮಗೆ ತಾವೇ ಹೇಳಿಕೊಂಡು ವಾಪಸು ಕೂರುತ್ತಿದ್ದರು. ಇದನ್ನು ಯಾರೂ ನಿಯಮ ಮಾಡಿದ್ದಲ್ಲ, ಯಾರೂ ಬರೆದಿಟ್ಟದ್ದಲ್ಲ. ಬಂಟ್ವಾಳದ ಆಫೀಸಿನಿಂದ ಎಷ್ಟು ಒತ್ತಾಯದ ಫೋನು ಬಂದರೂ ಚಪ್ಪಲಿ ಇರುವಷ್ಟು ಹೊತ್ತು ಭಟ್ಟರು ಅಲುಗುತ್ತಿರಲಿಲ್ಲ.

ಹೀಗಿರುವಾಗ ನಮಗೆ ಹೊಸ ಎಂಜಿನಿಯರ್ ಆಗಿ ಸುಮಿತ್ರಾ ಮೇಡಂ ಬಂದರು. ದಾವಣಗೆರೆ ಕಡೆಯವರು, ಮಾತು ಖಡಕ್. ಬಂದ ದಿನವೇ ನಮ್ಮ ಸೊಂಟದ ಪಟ್ಟಿಯನ್ನು ಎತ್ತಿ ನೋಡಿ, “ಇದನ್ನ ಎಮ್ಮೆಗೂ ಕಟ್ಟಲ್ಲ” ಎಂದು ಕಸದ ಡಬ್ಬಿಗೆ ಹಾಕಿಸಿದರು. ಹೆಗಲು, ತೊಡೆ, ಎದೆ ಎಲ್ಲವನ್ನೂ ಸುತ್ತುವ ಬೆಲ್ಟು ತರಿಸಿದರು. ಅದಕ್ಕೆ ಎರಡು ಹುಕ್ಕು. ಒಂದನ್ನು ಮೇಲೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಡಿಸಬೇಕು. ತಲೆಗೆ ಹೆಲ್ಮೆಟ್ಟು, ಕಾಲಿಗೆ ಶೂ. ಸದಾನಂದಣ್ಣನ ಪಾದಕ್ಕೆ ಒಮ್ಮೆ ತುಕ್ಕಿನ ಚೂರು ಹೊಕ್ಕು ಕೀವಾಗಿದ್ದನ್ನು ನೋಡಿದ್ದರಲ್ಲ, ಶೂ ವಿಷಯದಲ್ಲಂತೂ ಯಾರ ಮಾತೂ ಕೇಳಲಿಲ್ಲ.

“ಮೇಡಂ, ಶೂ ಹಾಕಿದ್ರೆ ಕಬ್ಬಿಣ ಕಾಲಿಗೆ ಗೊತ್ತಾಗುದಿಲ್ಲ” ಎಂದೆ ನಾನು.

“ಗೊತ್ತಾಗೋ ತನಕ ಅಭ್ಯಾಸ ಮಾಡಿ. ನಿಮ್ಮ ಮರ ಬೇರೆ, ಈ ಟವರ್ ಬೇರೆ. ನಾಳೆಯಿಂದ ಬರಿಗಾಲಲ್ಲಿ ಒಬ್ಬರೂ ಹತ್ತಬಾರ್ದು” ಎಂದರು. ಹೇಳಿ ಸುಮ್ಮನಾಗಲಿಲ್ಲ. ತಾವೇ ಶೂ ಕಟ್ಟಿ ಮೊದಲ ಅಟ್ಟದವರೆಗೆ ಹತ್ತಿ ತೋರಿಸಿದರು. ಇಳಿದ ಮೇಲೆ ಮುಚ್ಚಿಡಲಿಲ್ಲ, “ಹೆದರಿಕೆ ಆಯ್ತು” ಎಂದೇ ಹೇಳಿದರು. ಅವರ ಮೇಲೆ ನನಗೆ ಗೌರವ ಬಂದದ್ದು ಆ ಮಾತಿಗೆ. ನಾವೂ ಶೂ ಹಾಕತೊಡಗಿದೆವು. ಮೊದಲು ಮೊದಲು ಕಷ್ಟವಾಯಿತು, ಆಮೇಲೆ ಇದಿಲ್ಲದೆ ಇಷ್ಟು ವರ್ಷ ಹೇಗೆ ಹತ್ತಿದೆವು ಎನಿಸಿತು. ಟವರಿನ ಬುಡ ಖಾಲಿಯಾಯಿತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಅದಾಗಿ ಬಹಳ ದಿನ ಕಳೆದಿರಲಿಲ್ಲ. ತುದಿಯ ದೀಪ ಕೆಟ್ಟಿತ್ತು. ಮಧ್ಯಾಹ್ನ ಪ್ರಸಾರ ನಿಲ್ಲಿಸಿ ನಾವಿಬ್ಬರೂ ಹತ್ತಿದೆವು. ಒಯ್ದ ಬಲ್ಬು ಹೊಂದಲಿಲ್ಲ. “ನೀನು ಹೋಗಿ ಬೇರೆ ತಾ, ನಾನು ಅಷ್ಟರಲ್ಲಿ ಆಂಟೆನಾದ ಬೋಲ್ಟು ನೋಡ್ತೇನೆ” ಎಂದರು ಸದಾನಂದಣ್ಣ. ನಾನು ಇಳಿದು ಅಂಗಳ ದಾಟಿ ಸ್ಟೋರಿಗೆ ಹೋದೆ. ಒಳಗೆ ಬಲ್ಬು ಹುಡುಕುತ್ತಿದ್ದಾಗ, ಗೋಡೆಯ ಆಚೆ ಟ್ರಾನ್ಸ್‌ಮಿಟರಿನ ಫ್ಯಾನು ಭರ್ ಎಂದು ತಿರುಗಲು ಶುರುವಾಯಿತು.

ಆ ಸದ್ದು ನಾನು ದಿನಾ ಕೇಳಿದ ಸದ್ದು. ಅವತ್ತು ಮಾತ್ರ ಕೇಳಬಾರದಿತ್ತು. ಕೈಯಲ್ಲಿದ್ದುದನ್ನು ಬಿಸಾಡಿ ಓಡಿದೆ. “ಭಟ್ರೇ, ಬಂದ್ ಮಾಡಿ! ಸದಾನಂದಣ್ಣ ಮೇಲಿದ್ದಾರೆ!”

ಭಟ್ಟರು ಸ್ವಿಚ್ಚನ್ನು ಎಳೆದು ಕೆಡವಿದರು. ಮತ್ತೆ ಕಿಟಕಿಯ ಕಡೆ ನೋಡಿ, ಅರ್ಥವಾಗದವರಂತೆ, “ಚಪ್ಪಲಿ ಇಲ್ಲ ಅಲ್ವಾ... ಚಪ್ಪಲಿ ಇಲ್ಲ ಅಲ್ವಾ ದೇಜಪ್ಪಾ...” ಎಂದರು. ಆಫೀಸಿನಿಂದ ವಾರ್ತೆಯ ಹೊತ್ತಾಯಿತೆಂದು ಫೋನು ಬಂದಿತ್ತು. ಅವರು ಎಂದಿನಂತೆ ಎದ್ದು ಇಣುಕಿದ್ದಾರೆ. ನಾನು ಅಂಗಳದಲ್ಲಿ ನಡೆಯುತ್ತಿದ್ದುದು ಕಂಡಿದೆ. ಬುಡದಲ್ಲಿ ಚಪ್ಪಲಿ ಇಲ್ಲ, ಇಬ್ಬರೂ ಇಳಿದರು ಎಂದುಕೊಂಡಿದ್ದಾರೆ. ಜಾಗ್ರತೆಯ ಮನುಷ್ಯ ತಮ್ಮ ಜಾಗ್ರತೆ ಮಾಡಿಯೇ ಸ್ವಿಚ್ಚು ಹಾಕಿದ್ದರು.

ಹೊರಗೆ ಬಂದು ತಲೆ ಎತ್ತಿದೆ. ಸದಾನಂದಣ್ಣ ತುದಿಯಲ್ಲಿ ಬೆಲ್ಟಿನಲ್ಲಿ ನೇತಾಡುತ್ತಿದ್ದರು. ಕೂಗಿದೆ, ಉತ್ತರ ಇಲ್ಲ. ಹತ್ತಲು ಹೊರಟವನು ಎರಡು ಹೆಜ್ಜೆ ಹಾಕಿ ವಾಪಸು ಕೋಣೆಗೆ ಓಡಿದೆ. ಯಾಕೆ ಹಾಗೆ ಮಾಡಿದೆನೋ, ಯೋಚಿಸಿ ಮಾಡಿದ್ದಲ್ಲ. ಮೈನ್ ಸ್ವಿಚ್ಚಿನ ಕೀಲಿ ತಿರುಗಿಸಿ, ಕಿತ್ತು, ನನ್ನ ಕಿಸೆಗೆ ಹಾಕಿಕೊಂಡೆ. ಭಟ್ಟರು ನೋಡುತ್ತ ನಿಂತಿದ್ದರು. ನನಗೆ ಅವರ ಮೇಲೆ ಸಂಶಯವಿರಲಿಲ್ಲ. ಆದರೆ ಆ ಕೀಲಿ ಬೇರೆಯವರ ಕೈಗೆ ಸಿಗುವಲ್ಲಿ ಇರುವವರೆಗೆ ನನ್ನ ಕಾಲು ಮೆಟ್ಟಿಲ ಮೇಲೆ ಏರುವುದಿಲ್ಲ ಎಂದು ನನ್ನ ಮೈಗೇ ಗೊತ್ತಾಗಿತ್ತು.

ಬಣ್ಣದ ಡಬ್ಬಿ ಎಳೆಯುವ ಹಗ್ಗ, ರಾಟೆ ಹೊತ್ತು ಹತ್ತಿದೆ. ಇಲ್ಲಿ ಹೊಸಬರು ಒಂದು ಮಾತು ನೆನಪಿಡಬೇಕು. ಬೆಲ್ಟಿನಲ್ಲಿ ನೇತಾಡುವವನು ಬಿದ್ದಿಲ್ಲವಲ್ಲ ಎಂದು ಸಮಾಧಾನ ಪಡಬೇಡಿ. ಎಚ್ಚರ ತಪ್ಪಿ ತೂಗುವವನ ರಕ್ತ ಕಾಲಲ್ಲೇ ನಿಂತುಬಿಡುತ್ತದೆ, ಅವನನ್ನು ಬೇಗ ಇಳಿಸಬೇಕು. ಇಳಿಸುವುದು ಹೇಗೆ ಎಂದು ಹತ್ತುವ ಮೊದಲೇ ಯೋಚಿಸಿಟ್ಟಿರಬೇಕು. ನಾವು ಯೋಚಿಸಿರಲಿಲ್ಲ. ನಾನು ರಾಟೆ ಕಟ್ಟಿ, ಹಗ್ಗವನ್ನು ಅವರ ಬೆಲ್ಟಿಗೆ ಬಿಗಿದು, ಇನ್ನೊಂದು ತುದಿಯನ್ನು ಕೆಳಗೆ ಬಿಟ್ಟೆ. ಅದನ್ನು ಟವರಿನ ಕಾಲಿಗೆ ಸುತ್ತಿ ಹಿಡಿದು ಸಡಿಲಿಸುತ್ತ ಬಂದವರು ಭಟ್ಟರು ಮತ್ತು ಕಾವಲಿನವನು. ಮೀಟರು ನೋಡಿ ಬರೆಯುವುದು ಬಿಟ್ಟರೆ ಬೇರೆ ಕೆಲಸ ಕಾಣದ ಭಟ್ಟರ ಅಂಗೈ ಸಿಪ್ಪೆ ಎದ್ದುಹೋಯಿತು. ಸದಾನಂದಣ್ಣ ನೆಲ ಮುಟ್ಟಿದ ಮೇಲೆಯೂ ಅವರು ಹಗ್ಗ ಬಿಡಲಿಲ್ಲ, ನಾವೇ ಬಿಡಿಸಬೇಕಾಯಿತು.

ಸದಾನಂದಣ್ಣ ಬದುಕಿದರು. ಬಲಗೈಯ ಮೂರು ಬೆರಳು ಹೋಯಿತು, ಉಳಿದವು ಮಡಚುವುದಿಲ್ಲ. ಮೇಡಂ ತರಿಸಿದ ಬೆಲ್ಟು ಅವರನ್ನು ಉಳಿಸಿತು, ಮೇಡಂ ಹಾಕಿಸಿದ ಶೂ ಅವರ ಕೈ ತಿಂದಿತು. ಎರಡೂ ನಿಜ.

ವಿಚಾರಣೆ ನಡೆಯಿತು. ಮೇಲಿನವರು ಭಟ್ಟರ ಹೆಸರು ಬರೆದು ಮುಗಿಸಲು ಅವಸರದಲ್ಲಿದ್ದರು. ಮೇಡಂ ಬಿಡಲಿಲ್ಲ. ನಮ್ಮನ್ನು ಕೂರಿಸಿ ಕೇಳಿದರು: “ಚಪ್ಪಲಿ ನೋಡಿ ಸ್ವಿಚ್ ಹಾಕ್ತಾರೆ ಅಂತ ನನಗ್ಯಾಕೆ ಒಬ್ಬರೂ ಹೇಳಲಿಲ್ಲ?” ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ಪದ್ಧತಿ ತರುವವರಿಗೆ ನಾನು ಇದನ್ನೇ ಹೇಳುವುದು. ಹಳೆಯದನ್ನು ತೆಗೆಯಿರಿ, ಬೇಡ ಎನ್ನುವುದಿಲ್ಲ. ಆದರೆ ತೆಗೆಯುವ ಮೊದಲು ಅದು ಸದ್ದಿಲ್ಲದೆ ಯಾವ ಕೆಲಸ ಮಾಡುತ್ತಿತ್ತು ಎಂದು ಒಮ್ಮೆ ಕೇಳಿ ನೋಡಿ.

ಆಮೇಲೆ ಮೇಡಂ ನನ್ನ ಕಡೆ ತಿರುಗಿ, “ಕೀಲಿ ಕಿಸೆಗೆ ಹಾಕ್ಕೊಂಡ್ರಂತೆ, ಯಾಕೆ?” ಎಂದರು.

“ನನ್ನ ಜೀವ ನನ್ನ ಕಿಸೆಯಲ್ಲಿ ಇರ್ಲಿ ಅಂತ” ಎಂದೆ.

ಮಾರನೆಯ ವಾರ ಬಂಟ್ವಾಳದಿಂದ ಬೀಗಗಳು ಬಂದವು, ಹತ್ತುವ ಪ್ರತಿಯೊಬ್ಬನಿಗೂ ಒಂದು. ಹತ್ತುವ ಮೊದಲು ಮೈನ್ ಸ್ವಿಚ್ಚಿಗೆ ಅವನೇ ಬೀಗ ಜಡಿಯಬೇಕು, ಕೀಲಿ ಅವನ ಜೊತೆ ಮೇಲೆ ಹೋಗಬೇಕು. ಇಬ್ಬರು ಹತ್ತಿದರೆ ಎರಡು ಬೀಗ. ಬೇರೆ ಕೀಲಿ ಇಲ್ಲ. ಬೀಗದ ಜೊತೆ ಬಂದಿದ್ದ ಎರಡನೆಯ ಕೀಲಿಗಳನ್ನು ಮೇಡಂ ನಮ್ಮೆದುರೇ ಸುತ್ತಿಗೆಯಿಂದ ಜಜ್ಜಿದರು.

ಭಟ್ಟರು ಮಾತ್ರ ಕುಗ್ಗಿಹೋಗಿದ್ದರು. ಒಂದು ಭಾನುವಾರ ನನ್ನನ್ನು ಜೊತೆಗೆ ಕರೆದುಕೊಂಡು ಸದಾನಂದಣ್ಣನ ಮನೆಗೆ ಹೋದರು. ಜಗಲಿಯಲ್ಲಿ ಕೂತರು, ಕೊಟ್ಟ ಬೆಲ್ಲ ನೀರನ್ನು ಮುಟ್ಟಲಿಲ್ಲ. “ನಾನು ನೋಡಿದೆ ಸದಾನಂದಾ. ನೋಡದೆ ಹಾಕಿದ್ದಲ್ಲ” ಎಂದರು.

ಸದಾನಂದಣ್ಣ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ನೀವು ನೋಡ್ತೀರಿ ಅಂತ ನನಗೆ ಗೊತ್ತುಂಟು ಭಟ್ರೆ. ಆ ಧೈರ್ಯದಲ್ಲೇ ಇಷ್ಟು ವರ್ಷ ಹತ್ತಿದ್ದು. ನೀರು ಕುಡಿಯಿರಿ” ಎಂದರು. ಭಟ್ಟರು ಕುಡಿದರು. ಎದುರಿಗೆ ಕೂತ ನನಗೆ ಅಳು ತಡೆಯಲಿಲ್ಲ, ಅದನ್ನು ಬರೆಯಲು ನಾಚಿಕೆಯೂ ಇಲ್ಲ.

ಸದಾನಂದಣ್ಣನಿಗೆ ಮತ್ತೆ ಹತ್ತಲಾಗಲಿಲ್ಲ. ಮೇಡಂ ಅವರನ್ನು ಕೆಳಗಿನ ಕಾವಲಿಗೆ ಹಾಕಿದರು. ಒಬ್ಬನು ಮೇಲಿದ್ದರೆ ಒಬ್ಬನು ಕೆಳಗೆ ಬೇರೆ ಕೆಲಸವಿಲ್ಲದೆ ಅವನನ್ನೇ ನೋಡುತ್ತಿರಬೇಕು ಎಂಬುದೂ ಆಗಲೇ ಆದ ನಿಯಮ. ಇದಕ್ಕೆ ಪರೀಕ್ಷೆ ಬಂದದ್ದು ಮೇಡಂ ವರ್ಗವಾಗಿ ಹೋದ ಮೇಲೆ. ಚುನಾವಣೆಯ ಫಲಿತಾಂಶದ ದಿನ, ಬೆಳಿಗ್ಗೆಯೇ ಆಂಟೆನಾದಲ್ಲಿ ದೋಷ ಕಂಡು ನಾನು ಹತ್ತಿದ್ದೆ. ಕೆಲಸ ಮುಗಿದಿತ್ತು, ಇನ್ನೂ ಇಳಿಯುತ್ತಿದ್ದೆ. ಹೊಸ ಸಾಹೇಬರು ಜೀಪಿನಲ್ಲಿ ಬಂದಿಳಿದು, ಊರಿಡೀ ಫೋನು ಮಾಡುತ್ತಿದೆ, ಅವನು ಆಂಟೆನಾ ದಾಟಿ ಕೆಳಗೆ ಬಂದಾಗಿದೆ, ಬೀಗ ಒಡೆಯಿರಿ ಎಂದರಂತೆ. ಸದಾನಂದಣ್ಣ ಕುರ್ಚಿ ಎಳೆದು ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತರಂತೆ.

“ಏಳ್ರಿ. ನಾನು ಆರ್ಡರ್ ಕೊಡ್ತಿದ್ದೀನಿ.”

“ಕೀಲಿ ಬರ್ತಾ ಉಂಟು ಸರ್. ನೋಡಿ, ಇಳೀತಾ ಇದ್ದಾನೆ.”

“ಸಸ್ಪೆಂಡ್ ಆಗ್ತೀರಿ.”

“ಆಯ್ತು ಸರ್. ಅದೂ ಕೀಲಿ ಬಂದ ಮೇಲೆ ಮಾಡುವ” ಎಂದು ಬಲಗೈಯನ್ನು ಕಿಸೆಯಿಂದ ತೆಗೆದು ತೊಡೆಯ ಮೇಲಿಟ್ಟರಂತೆ. ಸಾಹೇಬರು ಆ ಕೈಯನ್ನು ನೋಡಿ ಹೊರಗೆ ಬಂದರು. ಅಷ್ಟರಲ್ಲಿ ಕೆಳಗಿನ ಗದ್ದಲ ನನಗೆ ಕೇಳುತ್ತಿತ್ತು, ಅವಸರ ಅವಸರ ಎಂದು ಕೈ ಬೀಸುತ್ತಿದ್ದುದೂ ಕಾಣುತ್ತಿತ್ತು. ನಾನು ಒಂದು ಹುಕ್ಕು ಸಿಕ್ಕಿಸಿದೆ, ಇನ್ನೊಂದು ಬಿಡಿಸಿದೆ, ಒಂದು ಸಿಕ್ಕಿಸಿದೆ, ಇನ್ನೊಂದು ಬಿಡಿಸಿದೆ, ದಿನಾ ಇಳಿಯುವ ಹಾಗೆಯೇ ಇಳಿದೆ. ಕೀಲಿ ಕೊಟ್ಟೆ. ಫಲಿತಾಂಶ ಸ್ವಲ್ಪ ತಡವಾಗಿ ತಿಳಿಯಿತು, ಅದರಿಂದ ಸೋತವರು ಗೆಲ್ಲಲಿಲ್ಲ. ಸಸ್ಪೆಂಡೂ ಆಗಲಿಲ್ಲ.

ಈಗ ಮಿಜಾರಿಗೆ ವಾಪಸು ಬರುತ್ತೇನೆ. ಮಾತು ಮುಗಿದ ಮೇಲೆ ಹೊಸಬರನ್ನು ಅಭ್ಯಾಸಕ್ಕೆಂದು ಪಕ್ಕದ ಟವರಿನ ಬುಡಕ್ಕೆ ಕರೆದುಕೊಂಡು ಹೋದರು. ಮೇಲೆ ಆಂಟೆನಾ ಇದ್ದ, ನಿಜವಾಗಿ ಕೆಲಸ ಮಾಡುವ ಟವರ್. ತರಬೇತಿ ಕೊಡುವವರು ಸಜ್ಜನರು, ಬೆಲ್ಟು, ಹೆಲ್ಮೆಟ್ಟು ಎಲ್ಲ ಅಚ್ಚುಕಟ್ಟಾಗಿತ್ತು, ನಮ್ಮ ಕಾಲದಲ್ಲಿ ಕನಸಿನಲ್ಲೂ ಕಾಣದಂಥದ್ದು. ಸ್ವಿಚ್ಚು ಎಲ್ಲಿ ಎಂದು ಕೇಳಿದೆ.

“ಈಗ ಎಲ್ಲ ಬೆಂಗಳೂರಿನಿಂದ ಸರ್, ಕಂಪ್ಯೂಟರಿನಲ್ಲಿ. ಹತ್ತುವ ಮೊದಲು ಮೊಬೈಲಿನಲ್ಲಿ ಮೆಸೇಜು ಹಾಕ್ತೇವೆ, ಇಳಿದ ಮೇಲೆ ಒಂದು ಹಾಕ್ತೇವೆ.”

“ಬೆಂಗಳೂರಿನಿಂದ ಈ ಟವರಿನ ಬುಡ ಕಾಣ್ತದಾ?” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಇಲ್ಲಿ ಬುಡದಲ್ಲಿ ಒಂದು ಸ್ವಿಚ್ಚಿನ ಪೆಟ್ಟಿಗೆ ಇರಲೇಬೇಕಲ್ಲ ಎಂದೆ. ಇದೆ ಎಂದರು. ಅದಕ್ಕೆ ಬೀಗ ಹಾಕುವ ಎಂದೆ. ಮೇಲಿನವರನ್ನು ಕೇಳದೆ ಆಗುವುದಿಲ್ಲ ಎಂದರು. ಕೇಳಿ, ನಾವು ಕೂತಿರುತ್ತೇವೆ, ಅಲ್ಲಿಯವರೆಗೆ ಇವರಲ್ಲಿ ಒಬ್ಬರೂ ಹತ್ತುವುದು ಬೇಡ ಎಂದೆ. ನಾನೂ ಸದಾನಂದಣ್ಣನೂ ಏಣಿಯ ಮೊದಲ ಮೆಟ್ಟಿಲಿಗೆ ಒರಗಿ ಅಲ್ಲೇ ಕೂತೆವು. ಫೋನಿನ ಮೇಲೆ ಫೋನು ಹೋಯಿತು. ಊಟದ ಹೊತ್ತು ಮೀರಿತು, ಊಟಕ್ಕೆ ಕರೆದರು, ಹೋಗಲಿಲ್ಲ. ಮುದುಕರು ಹಟಮಾರಿಗಳು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಹೌದು, ಈ ಒಂದು ವಿಷಯದಲ್ಲಿ ನಾನು ಹಟಮಾರಿಯೇ, ಸಾಯುವವರೆಗೂ. ಕೊನೆಗೆ ತರಬೇತಿಯವರು ಬಂದು, “ಇವತ್ತು ಇಲ್ಲಿಗೆ ಬೀಗ ಹಾಕ್ಬಹುದಂತೆ ಸರ್. ಉಳಿದ ಟವರಿನದ್ದು ನೋಡುವ ಅಂದಿದ್ದಾರೆ” ಎಂದರು. ಆ ‘ನೋಡುವ’ ಎಂಬುದನ್ನು ನಾನು ಬಿಟ್ಟಿಲ್ಲ, ವಾರಕ್ಕೊಮ್ಮೆ ಫೋನು ಮಾಡಿ ಏನಾಯಿತು ಎಂದು ಕೇಳುತ್ತಿದ್ದೇನೆ.

ಸದಾನಂದಣ್ಣ ತಮ್ಮ ಚೀಲದಿಂದ ಒಂದು ಹಿತ್ತಾಳೆಯ ಬೀಗ ತೆಗೆದರು. ನಮ್ಮ ಕೇಂದ್ರದ ಹಳೆಯ ಬೀಗ. ಅದನ್ನು ಅವರು ಅವತ್ತು ತಂದಿದ್ದಾರೆಂದು ನನಗೂ ಗೊತ್ತಿರಲಿಲ್ಲ. ಮೊದಲು ಹತ್ತಬೇಕಾಗಿದ್ದವಳು ಪುತ್ತೂರು ಕಡೆಯ ಒಬ್ಬಳು. “ನೀನೇ ಹಾಕಮ್ಮ” ಎಂದು ಅವಳ ಕೈಯಿಂದಲೇ ಪೆಟ್ಟಿಗೆ ಬಂದ್ ಮಾಡಿಸಿ ಬೀಗ ಹಾಕಿಸಿದರು. ಅವಳು ಎಳೆದು ನೋಡಿ, ಕೀಲಿಯನ್ನು ಕಿಸೆಗೆ ಹಾಕಿ, ಜಿಪ್ಪು ಎಳೆದು, ಹುಕ್ಕು ಸಿಕ್ಕಿಸುತ್ತ ಹತ್ತತೊಡಗಿದಳು. ಹೆಜ್ಜೆ ಚೆನ್ನಾಗಿತ್ತು.

ಅವಳು ಸ್ವಲ್ಪ ಮೇಲೆ ಹೋದ ಮೇಲೆ ಸದಾನಂದಣ್ಣ ಬಗ್ಗಿ, ತಮ್ಮ ಚಪ್ಪಲಿ ಬಿಚ್ಚಿ, ಎರಡನ್ನೂ ಎಡಗೈಯಲ್ಲಿ ಎತ್ತಿ, ಟವರಿನ ಬುಡದಲ್ಲಿ ಜೋಡಿಸಿ ಇಟ್ಟರು.

“ಎಂತ ಸದಾನಂದಣ್ಣ, ಈ ಪ್ರಾಯದಲ್ಲಿ ಹತ್ತಲಿಕ್ಕೆ ಹೊರಟದ್ದಾ?” ಎಂದು ತಮಾಷೆ ಮಾಡಿದೆ.

“ನಾನಲ್ಲ ಮಾರಾಯ” ಎಂದು ಅವರು ಮೇಲೆ ನೋಡಿದರು. “ಅವಳ ಕಾಲಲ್ಲಿ ಶೂ ಉಂಟಲ್ಲ.”

ನಾನೂ ನನ್ನ ಚಪ್ಪಲಿ ಬಿಚ್ಚಿ ಅದರ ಪಕ್ಕದಲ್ಲಿ ಇಟ್ಟೆ. ಅವಳು ಇಳಿದು ಬಂದು ಬೀಗ ತೆಗೆಯುವವರೆಗೆ ನಾವಿಬ್ಬರೂ ಆ ಕಾದ ನೆಲದ ಮೇಲೆ ಬರಿಗಾಲಲ್ಲೇ ನಿಂತಿದ್ದೆವು.